ಬಾಣಂತಿ ಕೋಣೆಗೊಂದು ಲೆನ್ಸು

ಎರಡು ಸೀರೆಗಳಲ್ಲಿ ಒಂದನ್ನು ಆರಿಸಲು ಹೆಣ್ಣುಮಗಳೊಬ್ಬಳು ಅಂಗಡಿಯಲ್ಲಿ ಎಷ್ಟು ಹೊತ್ತು ಕುಳಿತರೂ ಯಾರೂ ಆಶ್ಚರ್ಯಪಡುವುದಿಲ್ಲ. ಅದೇ ಹೆಣ್ಣುಮಗಳು ಎರಡು ಲೆನ್ಸುಗಳ ನಡುವೆ ಒಂದು ಬೇಸಿಗೆಯನ್ನು ಕಳೆದರೆ ಮನೆಯವರು ಅವಳ ಜಾತಕವನ್ನು ಮತ್ತೊಮ್ಮೆ ತೆಗೆದು ನೋಡುತ್ತಾರೆ. ನನ್ನದನ್ನು ತೆಗೆದು ನೋಡಿದರು. ಅದರಲ್ಲಿ ಲೆನ್ಸಿನ ವಿಷಯ ಏನೂ ಇರಲಿಲ್ಲವಂತೆ.

ನಾನು ಭಾರತೀನಗರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತೇನೆ. ಮಂಡ್ಯದಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಕಿಟಕಿಯ ಪಕ್ಕ ಸೀಟು ಸಿಕ್ಕರೆ ಸಂತೋಷ, ಪಕ್ಕದಲ್ಲಿ ಕುಳಿತವರು ನಿದ್ದೆ ಮಾಡುವವರಾದರೆ ಇನ್ನೂ ಸಂತೋಷ. ನನ್ನ ಆಸಕ್ತಿ ಕಬ್ಬಿನ ಗರಿಯ ಮೇಲೆ ಬದುಕುವ, ಗಸಗಸೆಗಿಂತ ಚಿಕ್ಕ ಹುಳಗಳಲ್ಲಿ. ಅವು ಊರು, ಸಂಬಳ, ಮದುವೆ ಯಾವುದನ್ನೂ ವಿಚಾರಿಸುವುದಿಲ್ಲ. ಸೋದರಮಾವ ತಮಗೆ ಬೇಸರವಾದ ಫಿಲ್ಮ್ ಕ್ಯಾಮೆರಾವನ್ನು ನನಗೆ ಕೊಟ್ಟ ಮೇಲೆ ಅವುಗಳ ಚಿತ್ರ ತೆಗೆಯುವ ಆಸೆ ಹುಟ್ಟಿತು. ಆದರೆ ಅದರಲ್ಲಿದ್ದ ಲೆನ್ಸು ಮದುವೆ ಮನೆಗೆ ತಕ್ಕದ್ದು. ಅದರಲ್ಲಿ ಹಿತ್ತಲ ಗೋಡೆಯ ಮೇಲೆ ತೆಗೆದ ನನ್ನ ಮೊದಲ ಹುಳ, ಓಡುವ ರೈಲಿನಿಂದ ನೋಡಿದ ಹನಕೆರೆಯ ಎಮ್ಮೆಯ ಹಾಗಿತ್ತು. ಅಮ್ಮ ಆ ಫೋಟೋವನ್ನು ಬಹಳ ಹೊತ್ತು ನೋಡಿ, "ಗೋಡೆ ಚೆನ್ನಾಗಿ ಬಂದಿದೆ" ಎಂದರು.

ಮೈಸೂರಿನ ಅಂಗಡಿಯೊಂದರಲ್ಲಿ, ಯಾರೋ ಸಂಶೋಧಕರು ಬಿಟ್ಟುಹೋದ ಎರಡು ವಿಶೇಷ ಲೆನ್ಸುಗಳಿದ್ದವು. ಎರಡನ್ನೂ ಹಾರ್ಮೋನಿಯಂ ತಿದಿಯಂಥ ಒಂದು ಮಡಿಕೆ ಚೀಲದ ತುದಿಗೆ ಸಿಕ್ಕಿಸಿ ಕ್ಯಾಮೆರಾಕ್ಕೆ ಜೋಡಿಸಬೇಕು. ಉದ್ದನೆಯದು ಹುಳದಿಂದ ಒಂದು ಗೇಣು ದೂರದಲ್ಲಿ ನಿಂತು ಅದನ್ನು ಎರಡು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಹುಳ ಬೆದರುವುದಿಲ್ಲ, ಬೆಳಕಿಗೆ ಅಡ್ಡಿಯಿಲ್ಲ. ಗಿಡ್ಡನೆಯದು ಐದು ಪಟ್ಟು ತೋರಿಸುತ್ತದೆ, ಆದರೆ ಅದರ ಮೂತಿ ಗರಿಗೆ ಹೆಚ್ಚುಕಡಿಮೆ ತಾಗಬೇಕು. ನಮ್ಮ ನೆರಳು ನಮಗೇ ಅಡ್ಡ, ಉಸಿರು ಬಿಟ್ಟರೆ ಹುಳ ಮಾಯ. ಕಾಗದದ ಮೇಲೆ ಲೆಕ್ಕ ಹಾಕಿದಾಗಲೆಲ್ಲ ಉದ್ದನೆಯದೇ ಗೆಲ್ಲುತ್ತಿತ್ತು. ಯಾರಿಂದಲಾದರೂ ಒಂದು ಗೇಣಾದರೂ ದೂರ ನಿಲ್ಲುವುದು ನನ್ನ ಸ್ವಭಾವಕ್ಕೂ ಒಗ್ಗುತ್ತದೆ. ಹಾಗಿದ್ದೂ ನಿರ್ಧಾರ ಆಗಲಿಲ್ಲ. ಅಂಗಡಿಯವರು ನನ್ನ ಕಾಟ ತಾಳಲಾರದೆ, "ಎರಡನ್ನೂ ತೊಗೊಂಡು ಹೋಗಿ ನೋಡಿಬಿಡೀಮ್ಮ, ಸೋಮವಾರ ಒಂದನ್ನ ವಾಪಸು ಕೊಡಿ" ಎಂದರು.

ಶನಿವಾರ ಸಂಜೆ ಹನಕೆರೆಗೆ ಹೋದೆ. ಅಲ್ಲಿ ತಮ್ಮೇಗೌಡರ ಕಬ್ಬಿನ ಗದ್ದೆಯಿದೆ. ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು, ಮದುವೆಯಾಗಿ ಮಳವಳ್ಳಿಗೆ ಹೋದಳು. ಗದ್ದೆಯ ಪರಿಚಯ ಮಾತ್ರ ನನಗೆ ಉಳಿಯಿತು. ಗೌಡರು ಒಂದು ಗರಿ ಕಿತ್ತು ನನ್ನ ಮುಂದೆ ಹಿಡಿದರು. ಅದರ ಮೇಲೆ ಕಬ್ಬು ಕೊರೆಯುವ ಹುಳದ ಮೊಟ್ಟೆಗಳು ಸಾಲಾಗಿದ್ದವು, ಬೆಳ್ಳಗಿರಬೇಕಾದವು ಕಪ್ಪಾಗಿದ್ದವು.

"ನೋಡವ್ವ, ಕರ್ರಗಾಗವೆ. ವಿಸ ಏರ್ಕಂಡದೆ. ನಾಳೀಕೆ ಔಸ್ದಿ ವಡುಸ್ತೀನಿ."

ಕಪ್ಪಾದ ಮೊಟ್ಟೆಯೆಂದರೆ ಅದರೊಳಗೆ ಸಣ್ಣ ಕಣಜದ ಹುಳವೊಂದು ತನ್ನ ಮೊಟ್ಟೆಯಿಟ್ಟಿದೆ, ಅದರ ಮರಿ ಒಳಗಿನಿಂದಲೇ ಶತ್ರುವನ್ನು ತಿಂದು ಮುಗಿಸಿದೆ ಎಂದರ್ಥ. ಔಷಧಿ ಹೊಡೆದರೆ ಗದ್ದೆ ಕಾಯುತ್ತಿರುವ ಕಣಜಗಳೇ ಮೊದಲು ಸಾಯುತ್ತವೆ. ತರಗತಿಯಲ್ಲಿ ಹೇಳುವಂತೆ ಇದನ್ನೆಲ್ಲ ಕ್ರಮವಾಗಿ ಹೇಳಿದೆ. ಗೌಡರು ಮರ್ಯಾದೆಯಿಂದ ಕೊನೆಯವರೆಗೂ ಕೇಳಿದರು.

"ಮೊಟ್ಟೆ ಒಳೀಕೋಗಿ ಮೊಟ್ಟೆ ಇಕ್ತದಾ? ಯಾವೂರ್ದು ಕಣವ್ವ ಅದು?"

"ಈ ಊರಿನದೇ. ನಾಳೆ ಬೆಳಿಗ್ಗೆ ತೋರಿಸುತ್ತೇನೆ. ಅಲ್ಲಿಯವರೆಗೆ ಹೊಡೆಯಬೇಡಿ" ಎಂದೆ. ಇಷ್ಟು ಧೈರ್ಯದ ಮಾತು ನನ್ನ ಬಾಯಿಂದ ಹೇಗೆ ಬಂತೋ. ಕಣಜಗಳು ನಾಳೆಯೇ ಹೊರಬರುತ್ತವೆಂದು ನನಗೆ ಯಾರೂ ಮಾತು ಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೋದಾಗ ಗೌಡರ ಭಾವಮೈದ ನಂಜೇಗೌಡ ಔಷಧಿ ಡಬ್ಬಿ ಬೆನ್ನಿಗೇರಿಸಿಕೊಂಡು ಬದುವಿನ ಮೇಲೆ ಸಿದ್ಧನಾಗಿ ನಿಂತಿದ್ದ. ನಾನು ಕಾಲುಮಣೆಯ ಮೇಲೆ ಕ್ಯಾಮೆರಾ ಕೂರಿಸಿ, ಲೆಕ್ಕದಲ್ಲಿ ಗೆದ್ದ ಉದ್ದನೆಯ ಲೆನ್ಸನ್ನೇ ಹಾಕಿ, ಗಿಡ್ಡನೆಯದನ್ನು ಪಕ್ಕದಲ್ಲಿಟ್ಟು, ಗರಿಯನ್ನು ಎದುರಿಗೆ ಕಟ್ಟಿ, ಗೌಡರನ್ನು ಕರೆದೆ. ಅವರು ಒಂದು ಕಣ್ಣು ಮುಚ್ಚಿ ನೋಡಿದರು.

"ಏನ್ ಕಾಣ್ತದೆ?" ಎಂದ ನಂಜೇಗೌಡ.

"ಕರಿ ಎಳ್ಳು ಕಾಣ್ತದೆ. ಬರಿಗಣ್ಗೂ ಅದೇ ಕಾಣ್ತಿತ್ತು."

"ಮತ್ತೆ ವಡೀಲಾ, ಬಾವ?"

"ತಡೀಲಾ. ಆ ಗಿಡ್ಡಂದ ಆಕವ್ವ ಒಂದ್ಸಲ."

ಗಿಡ್ಡನೆಯದನ್ನು ಹಾಕಿದೆ. ಮೂತಿ ಗರಿಗೆ ತಾಗುವಷ್ಟು ಹತ್ತಿರ ಹೋಯಿತು, ಎಲ್ಲ ಕತ್ತಲೆ. ಗೌಡರ ಹೆಂಡತಿ ಕೆಂಪಮ್ಮನ ಕೈಗೆ ಕನ್ನಡಿ ಕೊಟ್ಟು ಬಿಸಿಲನ್ನು ಗರಿಯ ಮೇಲೆ ಬೀಳಿಸಲು ಹೇಳಿದೆ. ಕೂದಲೆಳೆಯಷ್ಟು ಹಿಂದಕ್ಕೆ, ಮುಂದಕ್ಕೆ. ಒಂದು ಮೊಟ್ಟೆಯ ನೆತ್ತಿಯಲ್ಲಿ ತೂತು ಬಿದ್ದಿತ್ತು. ಅದರಿಂದ ಕೆಂಪು ಕಣ್ಣಿನ ಒಂದು ತಲೆ ಇಣುಕುತ್ತಿತ್ತು. ನಾನು ಉಸಿರು ಬಿಡದೆ ಸರಿದು ಗೌಡರಿಗೆ ಜಾಗ ಬಿಟ್ಟೆ.

ಅವರು ಬಹಳ ಹೊತ್ತು ಬಗ್ಗಿಯೇ ಇದ್ದರು. ಮಾತಾಡಿದಾಗ ದನಿ ಪಿಸುಗುಟ್ಟುವ ಮಟ್ಟಕ್ಕೆ ಇಳಿದಿತ್ತು.

"ಉಟ್ತಾ ಅದೆ ಕಣಮ್ಮಿ. ತಲೆ ಬಂತು. ಕೈ ಬತ್ತಾ ಅದೆ."

"ತೆಗೀರಿ ಅತ್ಲಾಗೆ, ಗಂಡುಸ್ರು ಅದ್ನೆಲ್ಲ ನೋಡ್ತಾರಾ?" ಎಂದು ಕೆಂಪಮ್ಮ ಕನ್ನಡಿಯನ್ನು ಗಂಡನ ಕೈಗೆ ತುರುಕಿ, ಮೆಟ್ಟು ಬಿಟ್ಟು, ಸೆರಗು ಸರಿಮಾಡಿಕೊಂಡು ತಾವೇ ಕಣ್ಣಿಟ್ಟರು. ಕನ್ನಡಿ ಅಲುಗಿದಾಗ, "ಬೆಳ್ಕು ನೆಟ್ಗೆ ಇಡ್ಕಳಿ" ಎಂದು ಗಂಡನನ್ನು ಗದರಿದರು.

"ಇನ್ನೂ ವಡೀಬ್ಯಾಡ್ವಾ?" ನಂಜೇಗೌಡ ಅಲ್ಲಿಂದಲೇ ಕೂಗಿದ.

ಗೌಡರು ಬದುವಿನವರೆಗೂ ನಡೆದುಹೋಗಿ ಮೆಲ್ಲಗೆ ಹೇಳಿದರು: "ಬಾಣ್ತಿ ಕ್ವಾಣೆ ಮುಂದೆ ನಿಂತ್ಕಂಡು ಔಸ್ದಿ ವಡೀತಾರೇನ್ಲಾ? ಓಗು, ಡಬ್ಬಿ ಮನೇಲಿಕ್ಕು. ಬರುವಾಗ ಕಾಲು ತೊಳ್ಕಂಡು ಬಾ."

ನನ್ನ ಎಂ.ಎಸ್ಸಿ. ಮಾಡದ ಕೆಲಸವನ್ನು ಒಂದು ಹೆರಿಗೆ ಮಾಡಿತು. ಆಮೇಲೆ ನಡೆದದ್ದರ ಮೇಲೆ ನನಗೆ ಯಾವ ಹಿಡಿತವೂ ಇರಲಿಲ್ಲ. ಸುದ್ದಿ ಊರೊಳಗೆ ಹೋಯಿತು, ಜನ ಬಂದರು. ಚಪ್ಪಲಿಗಳೆಲ್ಲ ಬದುವಿನ ಮೇಲೆ ಉಳಿದವು. ನೋಡಿ ಎದ್ದವರು ಮುಂದಿನವರ ಕತ್ತು ಹಿಡಿದು ಬಗ್ಗಿಸಿ, ಎಲ್ಲಿ ನೋಡಬೇಕೆಂದು ಹೇಳಿಕೊಟ್ಟರು. ಒಬ್ಬ ಮುದುಕಿ ಕಾಣುವುದಿಲ್ಲವೆಂದು ಹಟ ಹಿಡಿದು, ಕಂಡ ಮೇಲೆ ಏಳುವುದಿಲ್ಲವೆಂದು ಹಟ ಹಿಡಿದಳು. ಕೆಂಪಮ್ಮ ನನ್ನ ಭುಜಕ್ಕೆ ಭುಜ ತಾಗಿಸಿ ನಿಂತು, "ಗಂಡಾ ಎಣ್ಣಾ ಮೇಡಮ್ಮ?" ಎಂದು ಕೇಳಿದರು. ಮೀಸೆಯ ಕೂದಲು ನೋಡಿ ಹೇಳಬಹುದು, ಇದರಲ್ಲಿ ಹೆಣ್ಣೇ ಹೆಚ್ಚು ಎಂದೆ. "ಅದ್ಕೇಯ ಇಸ್ಟು ಕೆಲ್ಸ ಮಾಡವೆ" ಎಂದರು.

ಸೋಮವಾರ ಉದ್ದನೆಯ ಲೆನ್ಸನ್ನು ಹಿಂದಿರುಗಿಸಿದೆ. ಕಾರಣ ಕೇಳಿದ ಅಂಗಡಿಯವರಿಗೆ, ಗಿಡ್ಡನೆಯದರಲ್ಲಿ ಸೂಕ್ಷ್ಮ ವಿವರ ಹೆಚ್ಚು ಎಂದು ಹೇಳಿದೆ. ಕೆಂಪಮ್ಮ ಮೆಟ್ಟು ಬಿಟ್ಟ ವಿಷಯ ಅಂಗಡಿಯಲ್ಲಿ ಹೇಳುವಂಥದ್ದಲ್ಲ.

ಗೌಡರು ನನ್ನನ್ನು ಪೂರ್ತಿ ನಂಬಿದರೆಂದಲ್ಲ. "ಕಬ್ಬು ಓದ್ರೆ ನಿನ್ನೇ ಕೇಳೋದು ಕಣವ್ವ. ಬಾನ್ವಾರ ಬಾನ್ವಾರ ಬಂದು ನೋಡ್ತಿರು" ಎಂದು ಕಟ್ಟಪ್ಪಣೆ ಮಾಡಿದರು. ಹೋಗುತ್ತಿದ್ದೇನೆ. ಕಬ್ಬು ನಿಂತಿದೆ, ಪಕ್ಕದ ಗದ್ದೆಯವರೂ ಗರಿ ಹಿಡಿದು ಕಾಯುತ್ತಾರೆ. ಯಾವುದಾದರೊಂದು ಮೊಟ್ಟೆ ಬಿರಿದು, ಎಲ್ಲ ಸರಿಹೋಗಿ, ನಾನು ಗುಂಡಿ ಒತ್ತಬೇಕೆನ್ನುವ ಹೊತ್ತಿಗೆ ಅಲ್ಲಿ ಬೇರೆ ಯಾರದೋ ಕಣ್ಣಿರುತ್ತದೆ. ಬಗ್ಗಿದವರನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ. ಈಚೆಗೆ ಫಿಲ್ಮು ಹಾಕುವುದನ್ನೇ ಬಿಟ್ಟಿದ್ದೇನೆ.

ಇದನ್ನು ಮನೆಯಲ್ಲಿ ಹೇಳಿಲ್ಲ. ಒಂದು ಬೇಸಿಗೆಯೆಲ್ಲ ಕೂತು ಆರಿಸಿದ ಲೆನ್ಸಿನ ಫೋಟೋ ಯಾವಾಗ ಬರುತ್ತದೆ ಎಂದು ಅಮ್ಮ ಆಗಾಗ ಕೇಳುತ್ತಾರೆ. "ಬೆಳಕು ಸಾಲುತ್ತಿಲ್ಲ" ಎನ್ನುತ್ತೇನೆ. ಅಮ್ಮ ಬಾಗಿಲಾಚೆ ಬೀದಿಯಲ್ಲಿ ಉರಿಯುತ್ತಿರುವ ಮಂಡ್ಯದ ಬಿಸಿಲನ್ನು ಒಮ್ಮೆ ನೋಡುತ್ತಾರೆ, ನನ್ನನ್ನು ಒಮ್ಮೆ ನೋಡುತ್ತಾರೆ, ಒಳಗೆ ಹೋಗುತ್ತಾರೆ.