ಮುಡಬಿಯ ಮಹಾನಂದಾ ಹಾಕಿದ ಸಹಿ

ಸುಳ್ಳು ಬರೆಯುವುದರಲ್ಲಿ ನಾನು ನಿಪುಣನಲ್ಲ. ರಜೆಚೀಟಿಯಲ್ಲಿ ಜ್ವರ ಎಂದು ಬರೆದರೆ, ಸಂಜೆ ನಾನೇ ಹಣೆ ಮುಟ್ಟಿ ನೋಡಿಕೊಳ್ಳುವಷ್ಟು ಪುಕ್ಕಲ. ಅಂಥವನಿಗೆ ಆ ಕೆಲಸ ಒಪ್ಪಿಸಬಾರದಿತ್ತು.

ಹೊಸ ಶತಮಾನದ ಮೊದಲ ವರ್ಷಗಳು. ಕಾಲೇಜುಗಳಿಗೂ ಶ್ರೇಣಿ ಕೊಡುವ ಕಾಲ ಬಂದಿತ್ತು. ನಾನು ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಕನ್ನಡ ಕಲಿಸುತ್ತಿದ್ದ ಕಾಲೇಜಿಗೂ ಸಮಿತಿ ಬರುವುದಿತ್ತು. ಗೋಡೆಗೆ ಸುಣ್ಣ ಬಿತ್ತು, ನಲ್ಲಿಗೆ ನೀರು ಬಂತು. ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯಪತ್ರಗಳು ಮಾತ್ರ ಒಂದೂ ಇರಲಿಲ್ಲ. ಪ್ರಾಂಶುಪಾಲರು ಖಾಲಿ ಹಾಳೆಗಳನ್ನು ನನ್ನ ಮುಂದಿಟ್ಟು, “ನೀವು ಕಥಿ ಬರೀತೀರಲ್ರಿ, ಇವನ್ನೂ ಬರ್ದಬಿಡ್ರಿ. ಗ್ರೇಡ್ ಬರ್ಲಿಲ್ಲಂದ್ರ ಹುಡುಗ್ರು ಬ್ಯಾರೆ ಕಾಲೇಜಿಗಿ ಹೋಗ್ತಾರ” ಎಂದರು.

ಕೈಬರಹ ಬೇರೆ ಕಾಣಲೆಂದು ಒಂದನ್ನು ಎಡಗೈಯಲ್ಲಿ ಬರೆದೆ. ಹೆಸರು ಮಹಾನಂದಾ, ಊರು ಮುಡಬಿ, ಈಗ ಮಂಠಾಳದಲ್ಲಿ ಶಿಕ್ಷಕಿ. ‘ಕನ್ನಡ ಪಾಠ ಅತ್ಯುತ್ತಮ’ ಎಂದು ಸೇರಿಸುವಾಗ ನನಗೆ ಸಂಕೋಚವೇನೂ ಆಗಲಿಲ್ಲ.

ಸಮಿತಿ ಬಂದ ದಿನ ಅಧ್ಯಕ್ಷರು, ಹಳೆಯ ವಿದ್ಯಾರ್ಥಿಗಳು ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದರು. ಹಿಂದಿನ ಬೆಂಚಿನಿಂದ ಹೆಂಗಸೊಬ್ಬಳು ಎದ್ದಳು.

“ನಾ ಮಹಾನಂದಾ ರೀ, ಮುಡಬಿಯಾಕಿ. ಮಂಠಾಳ ಸಾಲ್ಯಾಗ ಕಲಸಾಕತ್ತೇನ್ರಿ.”

ಪ್ರಾಂಶುಪಾಲರು ನನ್ನತ್ತ ಮೆಚ್ಚುಗೆಯಿಂದ ಕಣ್ಣು ಮಿಟುಕಿಸಿದರು. ಅವಳನ್ನು ನಾನೇ ಕರೆತಂದೆನೆಂದು ತಿಳಿದರು. ಗ್ರಂಥಾಲಯ, ಮೈದಾನ, ಪ್ರಯೋಗಾಲಯ, ಎಲ್ಲದರ ಬಗ್ಗೆಯೂ ಅವಳು ನಾನು ಬರೆದ ವಾಕ್ಯಗಳನ್ನೇ ಅದೇ ಕ್ರಮದಲ್ಲಿ ಹೇಳಿದಳು. ಆಮೇಲೆ ಮುಂದೆ ಬಂದು, ಸಭೆಗೆ ಬಂದವರ ಪುಸ್ತಕದಲ್ಲಿ ಸಹಿ ಹಾಕಿದಳು. ಎಡಗೈಯಲ್ಲಿ. ಇಣುಕಿದೆ: ನನ್ನವೇ ಸೊಟ್ಟ ಅಕ್ಷರಗಳು.

“ಕನ್ನಡ ಪಾಠ ಹೇಗಿತ್ತಮ್ಮಾ?” ಎಂದರು ಅಧ್ಯಕ್ಷರು.

ಅವಳು ನನ್ನನ್ನೇ ನೋಡಿದಳು. “ಸರ್ ತಲಿ ಎತ್ತಿ ನಮ್ಮ ಕಡೆ ನೋಡ್ತಿದ್ದಿಲ್ರಿ. ಪುಸ್ತಕ ನೋಡಿ ಓದ್ಕೋತ ಹೋಗ್ತಿದ್ರು. ನಮಗ ನಿದ್ದಿ ಬರ್ತಿತ್ತು.”

ಇದನ್ನು ನಾನು ಬರೆದಿರಲಿಲ್ಲ. ಸಭೆಯಲ್ಲಿ ನಗು ಎದ್ದಿತು. ನಗು ನಿಲ್ಲುವಷ್ಟರಲ್ಲಿ ಅವಳ ಬೆಂಚು ಖಾಲಿಯಾಗಿತ್ತು. ಬಾಗಿಲಲ್ಲಿದ್ದ ಜವಾನ, “ಯಾರೂ ಹೊರಗ ಬಂದಿಲ್ರಿ ಸರ್” ಎಂದ.

ನಮಗೆ ಒಳ್ಳೆಯ ಗ್ರೇಡ್ ಬಂತು. ವಿದ್ಯಾರ್ಥಿಗಳು ನಿರ್ಭಯವಾಗಿ ಮಾತಾಡುತ್ತಾರೆಂದು ವರದಿಯಲ್ಲಿ ವಿಶೇಷ ಮೆಚ್ಚುಗೆಯಿತ್ತು. ಮರುವಾರ ಮಂಠಾಳಕ್ಕೆ ಹೋಗಿ ವಿಚಾರಿಸಿದೆ. “ಆ ಹೆಸರಿನಾಕಿ ಇಲ್ಲಿ ಯಾರೂ ಇಲ್ರಿ” ಎಂದರು ಮುಖ್ಯೋಪಾಧ್ಯಾಯರು.

ಇನ್ನು ನೋಡಬೇಕಾದದ್ದು ನಮ್ಮ ಕಾಲೇಜಿನ ಹಳೆಯ ಹಾಜರಿ ಪುಸ್ತಕಗಳನ್ನು. ಬೀರುವಿನ ಕೀಲಿ ನನ್ನ ಬಳಿಯೇ ಇದೆ, ತೆಗೆಯುವ ಧೈರ್ಯವಿಲ್ಲ. ಅಲ್ಲಿ ಅವಳ ಹೆಸರು ಇರದಿದ್ದರೆ ಹೇಗೋ ತಡೆದುಕೊಂಡೇನು. ಮೂರು ವರ್ಷ ದಿನವೂ ನಾನೇ ಕೂಗಿದ ಹೆಸರು ಅದಾಗಿದ್ದರೆ?