ಕಾರ್ತಿಕನೊಬ್ಬನಿಗೇ ಬಣ್ಣ

“ಈ ಫೋಟೋ ನೋಡಿ ಯಲ್ಲಾಪುರದ ಕೂಸು ಒಪ್ಪದಿದ್ರೆ, ಆನು ಕಂಪ್ಯೂಟರ್ ಕಲ್ತಿದ್ದೇ ದಂಡ!”

ಶಿರಸಿಯ ವಿಘ್ನೇಶ್ವರ ಹೆಗಡೆ ಹೀಗೆ ಘೋಷಿಸಿದಾಗ ಅವನ ಹೆಂಡತಿ ಮೇಧಾ ಆಕಳಿಸಿದಳು. ತಪ್ಪು ಅವಳದ್ದಲ್ಲ. ಮೈದುನ ಕಾರ್ತಿಕನಿಗೆ ಹೆಣ್ಣು ಹುಡುಕಿ ಹುಡುಕಿ ಇಡೀ ಮನೆಯೇ ಸುಸ್ತು ಹೊಡೆದಿತ್ತು. ಜಾತಕ ಕೂಡಿದಲ್ಲೆಲ್ಲ ಫೋಟೋ ನೋಡಿ ಸಂಬಂಧ ತಪ್ಪುತ್ತಿತ್ತು. ಸ್ಟುಡಿಯೊದಲ್ಲಿ ಕೂರಿಸಿದರೆ ಸಾಕು, ಮಹಾರಾಯ ಫ್ಲ್ಯಾಶಿಗೆ ಮೊದಲೇ ಕಣ್ಣು ಮುಚ್ಚಿಬಿಡುತ್ತಿದ್ದ! ಅವನು ಕಣ್ಣು ಬಿಟ್ಟು ನಕ್ಕಿದ್ದು ಒಂದೇ ಫೋಟೋದಲ್ಲಿ. ಹೊಸ ಡಿಜಿಟಲ್ ಕ್ಯಾಮರಾದಲ್ಲಿ ಮೇಧಾ ತೆಗೆದದ್ದು. ಆದರೆ ಅದರಲ್ಲಿ ಒಂದು ಕಡೆ ಅವನ ಹೆಗಲ ಮೇಲೆ ಕೈ ಹಾಕಿದ ಹೆತ್ತ ಆಯಿ ಸೀತಮ್ಮ, ಇನ್ನೊಂದು ಕಡೆ ಸಾಕ್ಷಾತ್ ವಿಘ್ನೇಶ್ವರ.

“ಅಕ್ಕಪಕ್ಕ ಕತ್ತರಿಸಿ ಕಳ್ಸಿ, ಮುಗತ್ತು,” ಎಂದಳು ಮೇಧಾ.

“ಕತ್ತರಿಸದಾ? ಕಲೆ ಹೇಳಿ ಒಂದು ಇದ್ದು!”

ಕಲಾವಿದ ಮೌಸ್ ಹಿಡಿದ. ಕಾರ್ತಿಕನ ಸುತ್ತ ಗೆರೆ ಎಳೆಯುವಾಗ ಒಮ್ಮೆ ತಮ್ಮನ ಕಿವಿ ಹೋಯಿತು, ಒಮ್ಮೆ ಊರಿನ ಕರೆಂಟೇ ಹೋಯಿತು. ಸೊಂಟ ಹಿಡಿದು, ಕಣ್ಣು ಕೆಂಪಾಗಿ, ಇನ್ನು ಸಾಕಪ್ಪಾ ಅನ್ನುವ ಹೊತ್ತಿಗೆ ಚಮತ್ಕಾರ ಆಗಿಯೇ ಬಿಟ್ಟಿತು! ಕಾರ್ತಿಕನೊಬ್ಬ ಬಣ್ಣದಲ್ಲಿ ಫಳಫಳ, ಉಳಿದವರು ಕಪ್ಪು-ಬಿಳುಪು. ಪ್ರಿಂಟು ಜಾತಕದ ಜೊತೆ ಯಲ್ಲಾಪುರಕ್ಕೆ ಹೊರಟಿತು.

ವಾರದೊಳಗೆ ಹುಡುಗಿಯ ಅಪ್ಪನ ಫೋನು ಬಂತು.

“ಫೋಟೋ ನೋಡಿ ರಾಶಿ ಬೇಜಾರಾತು. ಪಾಪ, ಕಾರ್ತಿಕ ಮಾಣಿ ಒಬ್ಬಂವ ಬಿಟ್ಟು ಎಲ್ಲರೂ ತೀರಿಹೋಗಿಬಿಟ್ವಾ? ಗೋಡೆ ಮೇಲಿನ ಹಳೇ ಫೋಟೋ ಜೋಡ್ಸಿ ಮಾಡ್ಸಿದ್ದು ಕಾಣ್ತು.”

ವಿಘ್ನೇಶ್ವರ ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಮತ್ತೆ ಮಾತು ಬಂತು.

“ಆದ್ರೆ, ಅತ್ತೆ ಇಲ್ಲದ ಮನೆ ಹೇಳಿ ಕೂಸು ಒಪ್ಪಿದ್ದು. ಭಾನುವಾರ ಮನೆ ನೋಡಲೆ ಬತ್ಯ. ಅಂದಹಾಂಗೆ, ನಿಂಗ ಯಾರು?”

‘ಒಪ್ಪಿದ್ದು!’ ಇಷ್ಟು ವರ್ಷಗಳಲ್ಲಿ ಆ ಮಾತು ಕಿವಿಗೆ ಬಿದ್ದದ್ದು ಇದೇ ಮೊದಲು. ಅದನ್ನು ಕಳೆದುಕೊಳ್ಳುವ ಧೈರ್ಯ ಅವನಿಗೆಲ್ಲಿಂದ ಬರಬೇಕು?

“ಆನಾ? ಆನು... ಪಕ್ಕದ ಮನೆಯವ!”

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಆಯಿ! ತೊದಲುತ್ತ ಎಲ್ಲವನ್ನೂ ಒಪ್ಪಿಸಿ, ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತ. ಆಯಿ ಕೇಳಿದ್ದು ಒಂದೇ ಮಾತು.

“ಕೂಸು ಖರೇ ಒಪ್ಪಿದ್ದಾ?”

“ಹೌದು ಆಯಿ.”

ಅವಳು ಉಸ್ಸೆಂದು ಒಳಗೆ ಹೋಗಿ, ಕೈಚೀಲ ತುಂಬಿಕೊಂಡು ಬಂದಳು.

“ಮೇಧಾ, ಶನಿವಾರವೇ ಆನು ಸ್ವರ್ಣವಲ್ಲಿ ಮಠಕ್ಕೆ ಹೋಗ್ತೆ. ಮದುವೆ ಮಾತು ಗಟ್ಟಿ ಆದ ಮೇಲೆ ಫೋನ್ ಮಾಡು, ಬದುಕಿ ಬತ್ತೆ.”

ವಿಘ್ನೇಶ್ವರ ಕಣ್ಣೊರೆಸಿಕೊಳ್ಳುತ್ತ ಕೈಚೀಲ ಹಿಡಿದುಕೊಂಡ. “ಆಯಿ, ನೀನು ಎಂತಕ್ಕೆ...”

“ಅಳಬ್ಯಾಡ ತಮಾ. ನಿನ್ನ ಪಂಚೆನೂ ಇದ್ರಲ್ಲೇ ತುಂಬಿದ್ದೆ. ಫೋಟೋದಲ್ಲಿ ನೀನೂ ಸತ್ತವ್ರ ಸಾಲಲ್ಲೇ ನಿಂತಿದ್ದೆ!”