ಹನ್ನೊಂದು ಮದುವೆಗೆ ಒಂದೇ ಸೀರೆ

ಮೊಳಕಾಲ್ಮೂರಿನಲ್ಲಿ ನನ್ನದೊಂದು ರೇಷ್ಮೆ ಸೀರೆ ಅಂಗಡಿ. ತಾತನ ಕಾಲದಿಂದ ನಮ್ಮದೊಂದು ಸಂಪ್ರದಾಯ: ಗಿರಾಕಿಗೆ ‘ಇಲ್ಲ’ ಎನ್ನಬಾರದು. ಕೇಳಿದ ಸೀರೆ ಇಲ್ಲದಿದ್ದರೆ ‘ನಾಳೆ ಸಿಗುತ್ತೆ’ ಎನ್ನಬೇಕು. ನಾಳೆ ಬಂದವರಿಗೆ ಚಹಾ ಕುಡಿಸಿ ಬೇರೆ ಸೀರೆ ತೋರಿಸಬೇಕು. ಮೂರು ತಲೆಮಾರು ಹೀಗೇ ಬದುಕಿದ್ದೇವೆ, ಯಾರೂ ಹೊಡೆದಿಲ್ಲ.

ಇಂಥ ಘನ ಅಂಗಡಿಗೆ ಮೊಬೈಲ್ ಆ್ಯಪ್ ಬೇಡವೇ? ಚಳ್ಳಕೆರೆಯಲ್ಲಿ ಶಬಾನಾ ಎಂಬ ಹುಡುಗಿ ನಾಲ್ವರನ್ನು ಇಟ್ಟುಕೊಂಡು, ಕೇಳಿದವರಿಗೆ ಕೇಳಿದಂಥ ಸಾಫ್ಟ್‌ವೇರ್ ಮಾಡಿಕೊಡುತ್ತಾಳೆ. ಕೆಳಗೆ ಅವಳಪ್ಪನ ಗ್ಯಾರೇಜು, ಮೇಲೆ ಇವಳ ಆಫೀಸು. ನಾನು ಹೋದೆ. ಟೇಲರ್ ಅಳತೆ ತೆಗೆದಂತೆ ಅವಳು ಪ್ರಶ್ನೆ ಕೇಳತೊಡಗಿದಳು. ಎರಡು ದಿನ!

“ಅಣ್ಣ, ಸೀರೆ ಒಂದೇ ಐತೆ, ಯಾರೋ ಬುಕ್ ಮಾಡಿದ್ರು ಅನ್ಕಳ್ಳಿ. ಇನ್ನೊಬ್ರು ಕೇಳಿದ್ರೆ ‘ಇಲ್ಲ’ ಅಂತ ತೋರಿಸ್ಲಾ?”

“ಬಿಡ್ತು ಅನ್ನಮ್ಮ! ‘ನಾಳೆ ಸಿಗುತ್ತೆ’ ಅಂತ ತೋರ್ಸು.”

“ಎಲ್ರಿಗೂ?”

“ಎಲ್ರಿಗೂ!”

“ಆಮೇಲೆ ತೊಂದ್ರೆ ಆಗ್ತೈತಣ್ಣ. ನಾನಂತೂ ಬ್ಯಾಡ ಅಂತೀನಿ.”

ನನ್ನ ಹಠವನ್ನೂ ತನ್ನ ಎಚ್ಚರಿಕೆಯನ್ನೂ ಸೇರಿಸಿ ಹದಿನಾರು ಪುಟ ಬರೆದು ಮುಂದಿಟ್ಟಳು. ದೊಡ್ಡ ವ್ಯಾಪಾರಿಗಳಿಗೆ ಓದುವಷ್ಟು ಪುರುಸೊತ್ತು ಇರುವುದಿಲ್ಲ. ಪುಟಪುಟಕ್ಕೂ ಸಹಿ ಜಡಿದೆ.

ಆ್ಯಪ್ ತಯಾರಾದ ಮೇಲೆ ಒಂದು ವಾರ ಪರೀಕ್ಷೆಗೆ ಕೊಟ್ಟಳು. “ನೀವೇ ನಾಕು ಸುಳ್ಳು ಬುಕಿಂಗ್ ಮಾಡಿ ನೋಡಿ, ಏನ್ ತಪ್ಪೈತೋ ಹೇಳಿ” ಎಂದಳು. ನಾನು ಅತ್ಯಂತ ಜವಾಬ್ದಾರಿಯಿಂದ ಪರೀಕ್ಷಿಸಿ ಒಂದು ಗಂಭೀರ ದೋಷ ಪತ್ತೆ ಹಚ್ಚಿದೆ: ಮೊದಲ ಪುಟದಲ್ಲಿ ನನ್ನ ಫೋಟೋ ಚಿಕ್ಕದಾಗಿತ್ತು! ಮೂರು ಸಲ ದೊಡ್ಡದು ಮಾಡಿಸಿದೆ. ಬುಕಿಂಗ್ ಗೊಡವೆಗೆ ಹೋಗಲಿಲ್ಲ.

ಆ್ಯಪ್ ಜನರ ಕೈಗೆ ಹೋದ ನಾಲ್ಕನೇ ದಿನ, ನಮಗೆ ಸೀರೆ ನೇಯ್ದುಕೊಡುವ ಓಬಣ್ಣ, ಆ್ಯಪ್ ಕಳಿಸಿದ ಬುಕಿಂಗ್ ಪಟ್ಟಿಯನ್ನು ಮೊಬೈಲ್‌ನಲ್ಲಿ ಹಿಡಿದುಕೊಂಡು ಬಂದ. ಅರಿಶಿನ ಬಣ್ಣದ, ಕೆಂಪು ಅಂಚಿನ ಧಾರೆ ಸೀರೆ ನಮ್ಮಲ್ಲಿ ಇದ್ದದ್ದು ಒಂದೇ. ಅದು ಹನ್ನೊಂದು ಮದುವೆಗೆ ಬುಕ್ ಆಗಿತ್ತು. ಎಲ್ಲರಿಗೂ ನಾಳೆ!

“ಒಂದ್ ಸೀರೆ ನೇಯಾಕೆ ಹತ್ತು ದಿನ ಬೇಕು ಸಾವ್ಕಾರ್ರೆ. ನನಗೆ ಎಷ್ಟ್ ಕೈ ಅದಾವೆ ಅಂದ್ಕಂಡೀರಿ?”

ಪಟ್ಟಿಯ ಕೊನೆಯ ಹೆಸರನ್ನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ನನ್ನ ಹೆಂಡತಿ ಸರೋಜ! ಅವಳ ಅಣ್ಣನ ಮಗಳ ಮದುವೆ ಭಾನುವಾರ. ಸೋದರತ್ತೆ ಸರೋಜ ಕೊಟ್ಟ ಸೀರೆಯಲ್ಲೇ ಹುಡುಗಿ ಧಾರೆಗೆ ಕೂರುವುದೆಂದು ಮಾತಾಗಿತ್ತು.

ಚಳ್ಳಕೆರೆಗೆ ಓಡಿದೆ. “ಏನಮ್ಮಾ, ನನ್ನ ಮಾನ ತೆಗೆದ್ಯಲ್ಲ!” ಎಂದು ಗುಡುಗಿದೆ. ಶಬಾನಾ ಒಂಬತ್ತನೇ ಪುಟ ತೆರೆದಳು. ಅವಳ ಎಚ್ಚರಿಕೆ ಇತ್ತು. ಅದರ ಕೆಳಗೆ ನನ್ನ ಸಹಿ, ಎರಡು ಗೆರೆ, ಒಂದು ಚುಕ್ಕೆ ಸಮೇತ.

“ಇವತ್ತೇ ಸರಿ ಮಾಡ್ತೀಯಾ?”

“ಇಲ್ಲಣ್ಣ. ಮೂರು ದಿನ ಬೇಕು.”

ಎಷ್ಟು ಸಲೀಸಾಗಿ ‘ಇಲ್ಲ’ ಎಂದುಬಿಟ್ಟಳು! ನನಗೆ ಹೊಟ್ಟೆಕಿಚ್ಚಾಯಿತು.

ಮನೆಗೆ ಬಂದು, “ಸೀರೆ ನಿನಗೇ ಎತ್ತಿಟ್ಟೀನಿ” ಎಂದು ಸರೋಜಳಿಗೆ ಬೆಣ್ಣೆ ಹಚ್ಚಿದೆ. ಅವಳು ಪಟ್ಟಿ ನೋಡಿದಳು.

“ಮೊದ್ಲು ಬುಕ್ ಮಾಡಿರೋದು ಗೌರಸಮುದ್ರದ ಹುಡುಗಿ. ಅವಳಿಗೇ ಕೊಡ್ರಿ. ಉಳಿದೋರಿಗೆ ನೀವೇ ಫೋನ್ ಮಾಡಿ ‘ಇಲ್ಲ’ ಅನ್ರಿ.”

“ನಿನ್ನ ಅಣ್ಣನ ಮಗಳಿಗೆ?”

“ನನ್ನ ಧಾರೆ ಸೀರೆ ಐತಲ್ಲ, ಅದನ್ನೇ ಉಡಿಸ್ತೀನಿ.”

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಒಂಬತ್ತು ಮನೆಗೆ ಫೋನ್ ಮಾಡಿ, ಒಂಬತ್ತೂ ಮನೆಯವರಿಂದ ಬೈಸಿಕೊಂಡೆ.

ಮದುವೆಯಲ್ಲಿ ಹುಡುಗಿ ಉಟ್ಟ ಸರೋಜಳ ಸೀರೆಯನ್ನು ಹೊಗಳದವರಿಲ್ಲ. ಊಟಕ್ಕೆ ಕೂತಾಗ ಪಕ್ಕದ ಎಲೆಯ ಹೆಂಗಸು ಕೇಳಿದರು, “ಇಂಥದ್ದೇ ಇನ್ನೊಂದು ನಿಮ್ಮ ಅಂಗಡ್ಯಾಗೆ ಐತೇನ್ರಿ?”

ಬಾಯಿ ತೆರೆದೆ. ಎದುರು ಸಾಲಿನಲ್ಲಿ ಸರೋಜ ತುತ್ತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. “ನಾಳೆ ಸಿ...” ಎಂದವನು ದಡಕ್ಕನೆ ಎದ್ದು, ಪಾಯಸದ ಬಕೆಟ್ ಎತ್ತಿಕೊಂಡು, ಬೇಡವೆಂದವರ ಎಲೆಗೂ ಬಡಿಸುತ್ತಾ ಪಂಕ್ತಿಯ ಆ ತುದಿ ಸೇರಿಕೊಂಡೆ!